ಕೆರೆ ಕಟ್ಟಿಸಿದವರು ಸರಿ, ನೀರುಗಂಟಿ ಯಾರು?

ನಾಯಕನಹಟ್ಟಿ ಜಾತ್ರೆಗೆ ಹೋದವರೆಲ್ಲ ಕೇಳಿರುವ ಮಾತು: ಮಾಡಿದಷ್ಟು ನೀಡು ಭಿಕ್ಷೆ. ತಿಪ್ಪೇರುದ್ರಸ್ವಾಮಿಗಳು ಇಲ್ಲಿ ಐದು ಕೆರೆ ಕಟ್ಟಿಸಿದರು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಕೆರೆ ಕಟ್ಟಿಸುವುದು ಪುಣ್ಯದ ಕೆಲಸ. ಆದರೆ ಅದು ಉಳಿಯುವುದು ವರ್ಷವರ್ಷವೂ ತೂಬು ನೋಡಿಕೊಳ್ಳುವ ನೀರುಗಂಟಿಯಿಂದ, ಸುಗ್ಗಿಯಲ್ಲಿ ಊರು ಅವನಿಗೆ ಅಳೆದು ಕೊಡುವ ಕಾಳಿನಿಂದ. ಮಕ್ಕಳ ಲಸಿಕೆ ಬಗ್ಗೆ ಬರೆಯಲು ಕೂತಾಗ ನಮಗೆ ನೆನಪಾಗಿದ್ದು ಇದೇ.

ನಾವು ಚಿಕ್ಕವರಿದ್ದಾಗ ಪೋಲಿಯೊ ಭಾನುವಾರ ಅಂದರೆ ಹಬ್ಬ. ಅಂಗನವಾಡಿ ಮುಂದೆ ಸಾಲು, ಬಾಯಿಗೆ ಎರಡು ಹನಿ, ಕಿರುಬೆರಳಿಗೆ ಮಸಿ. ಆ ಹನಿಯ ಹಿಂದೆ ದಾನಿಗಳ ದುಡ್ಡೂ ಇತ್ತೆಂದು ಆಗ ನಮಗೆ ಗೊತ್ತಿರಲಿಲ್ಲ. ಜಗತ್ತಿನಿಂದ ಪೋಲಿಯೊ ಓಡಿಸಬೇಕೆಂದು ರೋಟರಿ ಸಂಸ್ಥೆ 1985ರಲ್ಲಿ ಹಣ ಕೂಡಿಸಲು ಹೊರಟಿತು. 1995ರಲ್ಲಿ ನಮ್ಮ ಸರ್ಕಾರ ಪಲ್ಸ್ ಪೋಲಿಯೊ ಶುರು ಮಾಡಿತು. ಸರ್ಕಾರ ಮುಂದೆ ನಿಂತು ವರ್ಷಗಟ್ಟಲೆ ಖರ್ಚು ಹೊತ್ತಿದ್ದರಿಂದಲೇ 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು.

ಪೆಂಟಾ ಸೂಜಿಯ ಕಥೆಯೂ ಹೀಗೇ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ಕಾಯಿಲೆಗೆ ಒಂದೇ ಸೂಜಿ. ದಾನಿಗಳ ಹಣದಿಂದ ನಡೆಯುವ ಗಾವಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನೆರವಿನಿಂದ 2011ರಲ್ಲಿ ಅದು ತಮಿಳುನಾಡು, ಕೇರಳಕ್ಕೆ ಬಂತು. 2013ರಲ್ಲಿ ಕರ್ನಾಟಕಕ್ಕೆ ಬಂತು. ಆಮೇಲೆ ಅದನ್ನು ಕೊಳ್ಳುವ ಹೊಣೆಯನ್ನು ಕೇಂದ್ರ ಸರ್ಕಾರವೇ ವಹಿಸಿಕೊಂಡಿತು. ಹಾಗಾಗಲೇಬೇಕಿತ್ತು. ದಾನಿಗೆ ನಾಳೆ ಬೇರೆ ದೇಶ, ಬೇರೆ ಕಾಯಿಲೆ ಕಾಣಬಹುದು. ನಮ್ಮ ಹಟ್ಟಿಗಳಲ್ಲಿ ಮಾತ್ರ ಪ್ರತಿ ವರ್ಷ ಹೊಸ ಕೂಸು ಹುಟ್ಟುತ್ತಲೇ ಇರುತ್ತದೆ.

ಹಾಗಾದರೆ ಎಲ್ಲ ಸರಿಹೋಯಿತೇ? ಮೊಳಕಾಲ್ಮುರು ಕಡೆಯ ಒಂದು ಹಟ್ಟಿಗೆ ಆಶಾ ಅಕ್ಕನ ಜೊತೆ ನಡೆದು ಹೋದೆವು. ಒಬ್ಬ ತಾಯಿ ಟ್ರಂಕಿನಿಂದ ತಾಯಿ ಕಾರ್ಡ್ ತೆಗೆದು ತೋರಿಸಿದರು. ಒಂದೂವರೆ ತಿಂಗಳ ಸೂಜಿ ಆಗಿತ್ತು. ಎರಡೂವರೆ, ಮೂರೂವರೆ ತಿಂಗಳದ್ದು ಖಾಲಿ. ‘ಕುರಿ ಹಿಂದೆ ನಾಲೆ ಕಡೆ ಹೋಗಿದ್ವಿ ಕಣಣ್ಣ, ಅಲ್ಲಿ ಯಾರನ್ನ ಕೇಳೋದು?’ ಅಂದರು. ಕೂಸು ಆಗಲೇ ಅಂಬೆಗಾಲಿಡುತ್ತಿತ್ತು.

ತಿರುಗಿ ಬರುವಾಗ ಅಕ್ಕ ಹೇಳಿದರು: ‘ಮದ್ದು ಸರ್ಕಾರದ್ದು ಬರುತ್ತೆ ಕಣ್ರಪ್ಪ. ನಾನು ಬರೋದು ನನ್ನ ಕಾಲ ಮೇಲೆ.’

ಆ ಮಾತು ನಮ್ಮನ್ನು ಬಿಡಲಿಲ್ಲ. ಸೀಸೆಯೊಳಗಿನ ಮದ್ದಿಗೆ ಬಜೆಟ್ ಇದೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಕೊನೇ ಹಟ್ಟಿಗೆ ಮುಟ್ಟಿಸುವ ಗಾಡಿ, ಐಸು, ಸಿಸ್ಟರ್, ಮನೆಮನೆ ತಿರುಗಿ ಮಕ್ಕಳನ್ನು ಕೂಡಿಸುವ ಆಶಾ, ಇವರೇ ಲಸಿಕೆಯ ನೀರುಗಂಟಿಗಳು. ಒಂದು ಮಗುವಿಗೆ ಮೊದಲ ವರ್ಷದ ಲಸಿಕೆ ಪೂರ್ತಿ ಹಾಕಿಸಿದರೆ ಆಶಾಗೆ ಸಿಗುವ ಪ್ರೋತ್ಸಾಹಧನ 100 ರೂಪಾಯಿ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತು ತಿಂಗಳಿಗೆ 15,000 ರೂಪಾಯಿ ಖಾತ್ರಿ ಕೊಡಿ ಎಂದು ಕೇಳಿದ್ದು ಸುಮ್ಮನೆ ಅಲ್ಲ.

ಆಶಾ ಪ್ರೋತ್ಸಾಹಧನ ಬರುವುದು ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ. ಅದರಲ್ಲಿ ನೂರಕ್ಕೆ 60 ಪಾಲು ಕೇಂದ್ರದ್ದು, 40 ರಾಜ್ಯದ್ದು. ಅಂದರೆ ಇದು ಯಾರದೋ ಭಿಕ್ಷೆಯಲ್ಲ, ನಾವು ಕಟ್ಟಿದ ತೆರಿಗೆ. ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಒಂದಿರಬೇಕು. ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಕೊಡಲು ಅವಕಾಶವಿದೆ. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ? ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಿ: ನಮ್ಮೂರಲ್ಲಿ ಎಷ್ಟು ಮಕ್ಕಳ ಸೂಜಿ ಬಾಕಿ ಇದೆ, ಯಾಕೆ?

ಕುರಿ ಹಿಂದೆ ಹೋಗುವವರು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವರು ತಾಯಿ ಕಾರ್ಡ್ ಜೊತೆಗೇ ಇಟ್ಟುಕೊಳ್ಳಿ. ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಾದರೂ ಬಾಕಿ ಲಸಿಕೆ ಪುಕ್ಕಟೆ ಹಾಕುತ್ತಾರೆ. ತಡವಾಯಿತೆಂದು ಹಿಂಜರಿಯಬೇಡಿ.

ಆ ಕೂಸಿಗೆ ಮುಂದಿನ ಗುರುವಾರ ಎರಡನೇ ಸೂಜಿ ಬಿತ್ತು. ಅವತ್ತೂ ಅಕ್ಕ ನಡೆದೇ ಬಂದಿದ್ದರು.