ಏಳು ಸೀಟಿನ ಟಂಟಂ

ನಾವು ಐದು ಮಂದಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂತ ತಾಲೂಕಿಗೊಬ್ಬರು ಬಂದು ಒಂದೇ ಬೆಂಚಿಗೆ ಬಿದ್ದವರು. ಎಲ್ಲರೂ ಇಂಗ್ಲಿಷ್ ಮೀಡಿಯಂ. ಸೆಮಿನಾರಿಗೆ ಹೆಸರು ದೊಡ್ಡದಿರಲಿ ಅಂತ ಎರಡು ಆಯಾಮದ ರೇರ್ ಅರ್ಥ್ ಸಂಯುಕ್ತಗಳ ಮ್ಯಾಗ್ನೆಟಿಕ್ ಅನೈಸೋಟ್ರಪಿ ಅನ್ನೋ ವಿಷಯ ತಗೊಂಡ್ವಿ. ಹದಿನಾಲ್ಕು ಸ್ಲೈಡ್, ಇಪ್ಪತ್ತು ನಿಮಿಷ. ಎಲ್ಲಿಯೂ ತಡವರಿಸಲಿಲ್ಲ.

ಕೊನೆಗೆ ಸರ್ ಕೇಳಿದರು: "ಗ್ಯಾಡೋಲಿನಿಯಂ ಅಯಾನಿನಾಗ ಜೋಡಿ ಇಲ್ಲದ ಎಲೆಕ್ಟ್ರಾನ್ 7, ಡಿಸ್ಪ್ರೋಸಿಯಂನಾಗ 5. ಹಂಗಾದ್ರ ಇಲೆಕ್ಟ್ರಿಕ್ ಸ್ಕೂಟರಿನ ಮ್ಯಾಗ್ನೆಟ್ ಬಿಸಿ ತಡೀಲಿ ಅಂತ ಡಿಸ್ಪ್ರೋಸಿಯಂ ಯಾಕ ಸೇರಸ್ತಾರ?"

ಐದೂ ಮಂದಿ ಗಪ್‌ಚುಪ್. ಅನೈಸೋಟ್ರಪಿ ಅನ್ನೋ ಪದವನ್ನ ನೂರು ಸಲ ಹೇಳಿದ್ವಿ, ಒಮ್ಮೆಯೂ ಅರ್ಥ ಆಗಿರಲಿಲ್ಲ. ಸರ್ ಬೈಯಲಿಲ್ಲ. "ಮುಂದಿನ ವಾರ ಮತ್ತ ಬರ್ರಿ. ಸ್ಲೈಡ್ ಬ್ಯಾಡ" ಅಂದರು. ಬೈದಿದ್ದರೇ ಚಲೋ ಇತ್ತು.

ಆ ರಾತ್ರಿ ಹಾಸ್ಟೆಲಿನಲ್ಲಿ ಮೊದಲ ಸಲ ಆ ಪದವನ್ನ ಕನ್ನಡದಲ್ಲಿ ಹೇಳಲು ಕೂತ್ವಿ. ಅಥಣಿಯವ ಕಬ್ಬಿನಿಂದ ಶುರು ಮಾಡಿದ. ಕಬ್ಬಿನ ಸಿಪ್ಪೆಯನ್ನ ಹಲ್ಲಿನಿಂದ ಉದ್ದಕ್ಕೆ ಎಳೆದರೆ ಸರ್ರಂತ ಬರ್ತದೆ, ಅಡ್ಡ ಎಳೆದರೆ ಹಲ್ಲೇ ಹೋಗ್ತದೆ. ವಸ್ತು ಒಂದೇ, ದಿಕ್ಕು ಬದಲಾದರೆ ಗುಣ ಬೇರೆ. ಅಷ್ಟೇ ಅನೈಸೋಟ್ರಪಿ. ಅಯಸ್ಕಾಂತದಲ್ಲಿ ಸ್ಪಿನ್‌ಗಳಿಗೆ ಒಂದು ದಿಕ್ಕು ಸಲೀಸು, ಉಳಿದವು ತುಟ್ಟಿ.

ಒಂದೇ ಪದರದ ಹಾಳೆಯಲ್ಲಿ ಇದು ಪ್ರಾಣದ ಪ್ರಶ್ನೆ. ಎಲ್ಲ ದಿಕ್ಕೂ ಸಮಾನವಾಗಿದ್ದರೆ ಸ್ವಲ್ಪ ಬಿಸಿಗೇ ಸ್ಪಿನ್‌ಗಳ ಸಾಲು ವಾಲುತ್ತ ಹೋಗಿ ಅಯಸ್ಕಾಂತ ಗುಣ ಉಳಿಯೋದಿಲ್ಲ. ಮರ್ಮಿನ್ ಮತ್ತು ವ್ಯಾಗ್ನರ್ ಇದನ್ನ 1966ರಲ್ಲೇ ಗಣಿತದಿಂದ ತೋರಿಸಿದ್ದರು. 2017ರಲ್ಲಿ ಕ್ರೋಮಿಯಂ ಅಯೊಡೈಡಿನ ಒಂದೇ ಪದರ 45 ಕೆಲ್ವಿನ್‌ವರೆಗೆ ಅಯಸ್ಕಾಂತವಾಗಿ ಉಳಿದದ್ದು ಅದಕ್ಕೊಂದು ಸಲೀಸಾದ ದಿಕ್ಕು ಇದ್ದದ್ದರಿಂದ.

ಆದರೆ ಸರ್ ಪ್ರಶ್ನೆ ಹಂಗೇ ಇತ್ತು. ಶನಿವಾರ ಕಾಗವಾಡದ ಗೆಳೆಯನ ಮನೆಗೆ ಹೊರಟ್ವಿ. ಚಿಕ್ಕೋಡಿಯಿಂದ ಅಂಕಲಿಗೆ ಟಂಟಂ. ಏಳು ಸೀಟಿಗೆ ಏಳು ಮಂದಿ, ಗಾಡಿ ಸಮ ಓಡ್ತಿತ್ತು. ನಡುದಾರಿಯಲ್ಲಿ ಇನ್ನಿಬ್ಬರು ಒಂದೇ ಬದಿಗೆ ಹತ್ತಿದರು, ಗಾಡಿ ವಾಲಿತು. ನಿಪ್ಪಾಣಿಯವಳು ಒಮ್ಮೆಲೇ ಕೂಗಿದಳು: "ಎಫ್ ಆರ್ಬಿಟಲ್ ಏಳು!"

ಗ್ಯಾಡೋಲಿನಿಯಂ ಅಯಾನಿನಲ್ಲಿ 4ಎಫ್ ಎಲೆಕ್ಟ್ರಾನ್ 7, ಸೀಟಿಗೊಬ್ಬರು. ಅವುಗಳ ಮೋಡ ದುಂಡಗೆ. ದುಂಡಗಿನ ಚೆಂಡನ್ನ ಹೆಂಗ ತಿರುಗಿಸಿದರೂ ಸುತ್ತಲಿನ ಹರಳಿನ ವಿದ್ಯುತ್ ಕ್ಷೇತ್ರಕ್ಕೆ ಎಲ್ಲ ಒಂದೇ. ಡಿಸ್ಪ್ರೋಸಿಯಂನಲ್ಲಿ 9. ಹೆಚ್ಚಿನ ಎರಡು ಸೇರಿ ಮೋಡ ಚಪ್ಪಟೆ ಆಗ್ತದೆ. ಚಪ್ಪಟೆ ಮೋಡ ಹರಳಿನಲ್ಲಿ ಮನಸ್ಸಿಗೆ ಬಂದಂಗ ತಿರುಗಲಾರದು. ಸ್ಪಿನ್ ಆ ಮೋಡಕ್ಕೆ ಗಟ್ಟಿಯಾಗಿ ಕಟ್ಟಿಕೊಂಡಿರೋದರಿಂದ ಅದೂ ಸಿಕ್ಕಿಬೀಳ್ತದೆ. ಬಿಸಿ ಆದರೂ ದಿಕ್ಕು ಬಿಡೋದಿಲ್ಲ. ಸ್ಕೂಟರಿಗೆ ಬೇಕಾದದ್ದು ಎಲೆಕ್ಟ್ರಾನಿನ ಲೆಕ್ಕವಷ್ಟೇ ಅಲ್ಲ, ಈ ಹಟ. 2025ರ ಏಪ್ರಿಲ್‌ನಲ್ಲಿ ಚೀನಾ ಡಿಸ್ಪ್ರೋಸಿಯಂ ಸೇರಿ ಏಳು ರೇರ್ ಅರ್ಥ್‌ಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ವಾಹನ ಕಂಪನಿಗಳು ಗಾಬರಿಯಾದದ್ದು ಇಂಥ ಮ್ಯಾಗ್ನೆಟ್‌ಗಳಿಗಾಗಿಯೇ.

ಮುಂದಿನ ವಾರ ಬೋರ್ಡಿನ ಮೇಲೆ ಟಂಟಂ ಬರೆದ್ವಿ. ಕ್ಲಾಸು ನಕ್ಕಿತು, ಆಮೇಲೆ ಸುಮ್ಮನೆ ಕೇಳಿತು. ಸರ್ ಮತ್ತೊಂದು ಪ್ರಶ್ನೆ ಒಗೆದರು: "ಹಂಗಾದ್ರ ಗ್ಯಾಡೋಲಿನಿಯಂ ಹಾಳೆಗೆ ದಿಕ್ಕು ಎಲ್ಲಿಂದ ಬರಬೇಕು?"

"ಗೊತ್ತಿಲ್ಲರಿ ಸರ್. ನೋಡಿ ಹೇಳ್ತೀವಿ" ಅಂದ್ವಿ. ಈ ಸಲ ನಾಚಿಕೆ ಆಗಲಿಲ್ಲ. ಉತ್ತರ ಸಂಜೆಗೇ ಸಿಕ್ಕಿತು: ಅಯೊಡಿನ್‌ನಂಥ ಭಾರದ ನೆರೆಯವರಿಂದ. ಕ್ರೋಮಿಯಂ ಅಯೊಡೈಡಿನಲ್ಲೂ ದಿಕ್ಕಿನ ಹಟ ಬಹುಪಾಲು ಅಯೊಡಿನ್‌ದೇ.

ಒಂದು ಬೆಂಚಿನ ಐದು ಮಂದಿಗೆ ಅದು ಪೂರಾ ಅರ್ಥ ಆಯ್ತು.