ರಸಾಯನ ಸಮ್ಮೇಳನದಲ್ಲಿ ಕನ್ನಡ ಮೇಷ್ಟರು

ಕನ್ನಡದಲ್ಲಿ ‘ರಸಾಯನ’ ಎಂಬ ಶಬ್ದಕ್ಕೆ ದೊರೆತ ಸೌಭಾಗ್ಯ ಎಲ್ಲ ಶಬ್ದಗಳಿಗೂ ದೊರೆತಿಲ್ಲ. ವೈದ್ಯರ ಬಾಯಲ್ಲಿ ಅದು ಮುಪ್ಪನ್ನು ದೂರವಿಡುವ ಔಷಧ. ಗೃಹಿಣಿಯರ ಕೈಯಲ್ಲಿ ಬಾಳೆಯ ಹಣ್ಣು, ಬೆಲ್ಲ, ತೆಂಗಿನ ಹಾಲು ಸೇರಿದ ಸವಿಯಾದ ತಿನಿಸು. ಕಾಲೇಜಿನಲ್ಲಿ ಮಾತ್ರ ಹುಡುಗರ ನಿದ್ದೆ ಕೆಡಿಸುವ ಶಾಸ್ತ್ರ. ಮೊದಲೆರಡು ರಸಾಯನಗಳ ಪರಿಚಯ ನನಗೆ ಬಾಲ್ಯದಿಂದಲೂ ಉಂಟು. ಮೂರನೆಯದರಿಂದ ಪಾರಾಗಲೆಂದೇ ನಾನು ಕನ್ನಡ ಎಂ.ಎ. ತರಗತಿಗೆ ಸೇರಿದೆನೆಂದು ನನ್ನ ಅಣ್ಣ ಇಂದಿಗೂ ಹಾಸ್ಯ ಮಾಡುವುದುಂಟು. ಅಂಥ ನಾನು ಕಳೆದ ವರ್ಷ ರಸಾಯನಶಾಸ್ತ್ರದ ಪ್ರಾದೇಶಿಕ ಸಮ್ಮೇಳನವೊಂದರಲ್ಲಿ ಎರಡು ದಿನ ಕುಳಿತು ಬಂದೆನೆಂದರೆ, ಅದಕ್ಕೆ ಬಲವಾದ ಕಾರಣವಿರಲೇಬೇಕಷ್ಟೆ.

ಕಾರಣ ನನ್ನ ಅಣ್ಣನ ಮಗಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದ ಆಕೆಗೆ ಔಷಧ ತಯಾರಿಸುವ ಕಂಪೆನಿಯೊಂದರಲ್ಲಿ ಕೆಲಸ ದೊರೆತಿತ್ತು. ಅವಳಾದರೋ ಸಂಶೋಧನೆಗೇ ಹೋಗುವೆನೆಂದು ಹಟ ಹಿಡಿದಿದ್ದಳು. “ಇನ್ನೂ ಐದು ವರ್ಷ ಓದುವುದೆಂದರೇನು? ಕೈಗೆ ಬಂದ ಕೆಲಸವನ್ನು ಬಿಡುವುದೆ? ನೀನು ಕಾಲೇಜಿನಲ್ಲಿರುವವನು. ಅವಳ ಜೊತೆ ಹೋಗಿ, ಅದರಲ್ಲಿ ಹುರುಳಿದೆಯೇ ನೋಡಿ ಬಾರಪ್ಪ,” ಎಂದು ಅಣ್ಣ ನನಗೆ ಅಪ್ಪಣೆಯಿತ್ತ. ಹೀಗೆ ನಾನು ಪರೀಕ್ಷಕನಾಗಿ ಹೊರಟೆ.

ಸಭಾಂಗಣದ ಭಾಷಣಗಳು ನನಗೆ ಹೆಚ್ಚಾಗಿ ಅರ್ಥವಾಗಲಿಲ್ಲ. ನನ್ನ ಕಣ್ಣು ತೆರೆದದ್ದು ಹೊರಗಿನ ಜಗಲಿಯಲ್ಲಿ. ಅಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ಕೆಲಸವನ್ನು ದೊಡ್ಡ ಹಾಳೆಗಳಲ್ಲಿ ಬರೆದು ತೂಗುಹಾಕಿ, ಪಕ್ಕದಲ್ಲಿ ನಿಂತಿದ್ದರು. ನಮ್ಮ ಹುಡುಗಿಯ ವಿಷಯ ಕುಡಿಯುವ ನೀರಿನ ಫ್ಲೋರೈಡ್. ಕೋಲಾರ, ಪಾವಗಡದ ಕಡೆಯ ಎಷ್ಟೋ ಕೊಳವೆ ಬಾವಿಗಳಲ್ಲಿ ಅದು ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಇನ್ನೂ ಹೆಚ್ಚಾದರೆ ಮೂಳೆಗಳೇ ಕೆಡುತ್ತವೆ. ಅದನ್ನು ಅಲ್ಯೂಮಿನಾ ಪುಡಿಯಿಂದ ಹೀರಿ ತೆಗೆಯುವ ವಿಧಾನವನ್ನು ಅವಳು ಪರೀಕ್ಷಿಸಿದ್ದಳು.

ತಲೆ ನರೆತ ಪ್ರಾಧ್ಯಾಪಕರೊಬ್ಬರು ಹಾಳೆಯನ್ನು ಓದಿ, “ಈ ಪುಡಿಯನ್ನು ತೊಳೆದು ಎಷ್ಟು ಸಲ ಮತ್ತೆ ಬಳಸಬಹುದಮ್ಮ? ತೊಳೆದ ನೀರನ್ನು ಹಳ್ಳಿಯವರು ಎಲ್ಲಿ ಚೆಲ್ಲಬೇಕು?” ಎಂದು ಕೇಳಿದರು. ಅವಳು ತನ್ನ ಟಿಪ್ಪಣಿ ಪುಸ್ತಕವನ್ನು ತೆರೆದು ಆ ಪ್ರಶ್ನೆಯನ್ನು ಬರೆದುಕೊಂಡಳು. ಅಷ್ಟರಲ್ಲಿ ಕಲಬುರಗಿಯ ಕಡೆಯ ಹುಡುಗನೊಬ್ಬ ಬಂದು, ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಾಗಿದ್ದರೆ ಪುಡಿಯ ಶಕ್ತಿ ಕುಗ್ಗುವುದನ್ನು ತಾನು ಕಂಡಿರುವುದಾಗಿ ಹೇಳಿದ. ಇಬ್ಬರೂ ಊಟವನ್ನು ಮರೆತು ಮಾತಿಗೆ ನಿಂತರು. ನೂರಾರು ಮೈಲಿ ದೂರದ ಎರಡು ಪ್ರಯೋಗಶಾಲೆಗಳು ಆ ಜಗಲಿಯಲ್ಲಿ ಹತ್ತಿರವಾದುದನ್ನು ನಾನು ಕಂಡೆ. ಸಮ್ಮೇಳನಗಳು ಏಕೆ ಬೇಕೆಂಬುದು ನನಗೆ ತಿಳಿದದ್ದು ಆಗ.

ಊರಿಗೆ ಮರಳಿದ ಮೇಲೆ ಅಣ್ಣನಿಗೆ ಉತ್ತರ ಕೊಡಬೇಕಲ್ಲ ಎಂದು ಈ ಶಾಸ್ತ್ರದ ಚರಿತ್ರೆಯನ್ನು ಓದತೊಡಗಿದೆ. ನಮ್ಮ ದೇಶದಲ್ಲಿ ಇಂಥ ಕೂಟಗಳಿಗೆ ನಾಂದಿ ಹಾಡಿದವರೂ ರಸಾಯನಶಾಸ್ತ್ರಜ್ಞರೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸೈಮನ್‌ಸನ್, ಲಖನೌದ ಕ್ಯಾನಿಂಗ್ ಕಾಲೇಜಿನ ಮೆಕ್‌ಮಹನ್ ಎಂಬ ಇಬ್ಬರು ಅಧ್ಯಾಪಕರು, ಈ ವಿಶಾಲ ದೇಶದಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದಿರುವುದನ್ನು ಕಂಡು ಕಳವಳಗೊಂಡರು. ಅವರ ಪ್ರಯತ್ನದಿಂದ 1914ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಅಂದು ನೆರೆದವರು 105 ಮಂದಿ. ಮಂಡಿಸಿದ ಪ್ರಬಂಧಗಳು 35. ನಮ್ಮ ಕಡೆಯ ದೊಡ್ಡ ಮದುವೆಗಳಲ್ಲಿ ಒಂದು ಪಂಕ್ತಿಗೆ ಕೂರುವಷ್ಟು ಜನ! ನಾಲ್ಕನೆಯ ಅಧಿವೇಶನ 1917ರಲ್ಲಿ ಬೆಂಗಳೂರಿಗೇ ಬಂತು.

ಆ ವೇಳೆಗೆ ಬೆಂಗಳೂರು ಬರಿಗೈಯಲ್ಲಿರಲಿಲ್ಲ. ಟಾಟಾ ಅವರ ಔದಾರ್ಯ, ಮೈಸೂರು ಅರಸರ ಭೂದಾನಗಳಿಂದ 1909ರಲ್ಲಿ ಸ್ಥಾಪನೆಯಾದ ವಿಜ್ಞಾನ ಮಂದಿರದಲ್ಲಿ 1911ರಿಂದಲೇ ರಸಾಯನಶಾಸ್ತ್ರದ ಪಾಠ ನಡೆದಿತ್ತು. ಅಂದಿನ ವರೆಗೆ ಮೈಸೂರು ಸೀಮೆಯ ಗಂಧದ ಕೊರಡು ಹರಾಜಾಗಿ, ಬಹುಪಾಲು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಮಹಾಯುದ್ಧದಿಂದ ಆ ದಾರಿ ಮುಚ್ಚಿತು. ಮಾರಾಟವಾಗದ ಗಂಧದ ರಾಶಿಯ ಮುಂದೆ ಸಂಸ್ಥಾನ ಚಿಂತೆಗೆ ಬಿತ್ತು. ವಿಜ್ಞಾನ ಮಂದಿರದ ಸಡ್‌ಬರೊ, ವಾಟ್ಸನ್ ಎಂಬವರು ಎಣ್ಣೆ ಇಳಿಸುವ ವಿಧಾನವನ್ನು ಇಲ್ಲಿಯೇ ಸಿದ್ಧಪಡಿಸಿದರು. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಎದ್ದಿತು. ಅದರ ಬೆನ್ನಲ್ಲೇ ಬಂದ ಸಾಬೂನಿನ ಪರಿಮಳ ವಾಚಕರ ಸ್ನಾನಗೃಹಗಳಲ್ಲಿ ಇಂದಿಗೂ ಇದ್ದೀತು. ಅಣ್ಣ ಪ್ರತಿದಿನ ಬೆಳಿಗ್ಗೆ ಮೈಗೆ ಹಚ್ಚಿಕೊಳ್ಳುವ ವಸ್ತುವಿನಲ್ಲೇ ಅವನ ಪ್ರಶ್ನೆಗೆ ಅರ್ಧ ಉತ್ತರವಿತ್ತು.

ದೇಶದ ಉಳಿದ ಕಡೆಯ ಕಥೆಯೂ ಇದೇ ಬಗೆಯದು. ಕಲ್ಕತ್ತೆಯ ಪ್ರಫುಲ್ಲಚಂದ್ರ ರಾಯರು 1896ರಲ್ಲಿ ಪಾದರಸದ ಹೊಸ ಸಂಯುಕ್ತವೊಂದನ್ನು ಲೋಕಕ್ಕೆ ತಿಳಿಸಿದರು. ತಮ್ಮ ಸರಳ ಜೀವನದಲ್ಲಿ ಉಳಿದುದನ್ನೆಲ್ಲ ಶಿಷ್ಯರಿಗೂ ಸ್ವದೇಶೀ ಉದ್ಯಮಕ್ಕೂ ಧಾರೆಯೆರೆದರು. ಲಂಡನ್ನಿನಲ್ಲಿ ಓದುತ್ತಿದ್ದ ಘೋಷ್, ಮುಖರ್ಜಿ, ಭಟ್ನಾಗರ್ ಎಂಬ ಮೂವರು ತರುಣರ ಮಾತುಕತೆಯಲ್ಲಿ ಹುಟ್ಟಿದ ಹಂಬಲ 1924ರಲ್ಲಿ ಭಾರತೀಯ ರಸಾಯನ ಸಂಘವಾಯಿತು. ರಾಯರೇ ಅದರ ಮೊದಲ ಅಧ್ಯಕ್ಷರು. ಅದೇ ಭಟ್ನಾಗರರು ಮುಂದೆ 1942ರಲ್ಲಿ ಸ್ಥಾಪನೆಯಾದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನ ಪರಿಷತ್ತನ್ನು ಕಟ್ಟಿ ಬೆಳೆಸಿದರು. 1950ರ ಜನವರಿ 3ರಂದು ಪುಣೆಯಲ್ಲಿ ರಾಷ್ಟ್ರೀಯ ರಸಾಯನ ಪ್ರಯೋಗಾಲಯವನ್ನು ನೆಹರು ಉದ್ಘಾಟಿಸಿದರು. ಅದೇ ವರ್ಷ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಆಹಾರ ಸಂಶೋಧನಾಲಯ ತೆರೆಯಿತು. ಎಮ್ಮೆಯ ಹಾಲಿನಿಂದ ಎಳೆಮಕ್ಕಳಿಗೆ ಒಗ್ಗುವ ಪುಡಿಯನ್ನು ಮಾಡಿ ತೋರಿಸಿದ್ದು ಅಲ್ಲಿಯೇ. 1999ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ರಸಾಯನ ಸಂಶೋಧನ ಸಂಘ ನಮ್ಮ ತಲೆಮಾರಿನದು.

ಈ ಕಥೆಯಲ್ಲಿ ಹೆಣ್ಣುಮಕ್ಕಳ ಪಾಡೇನು? ಅತ್ತಿಗೆಯ ಪ್ರಶ್ನೆಯಿದು. 1933ರಲ್ಲಿ ಬೊಂಬಾಯಿಯ ಕಮಲಾ ಭಾಗವತ ಎಂಬ ತರುಣಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಅರ್ಜಿ ಹಾಕಿದರು. ಆಕೆಯ ತಂದೆಯೂ ತಂದೆಯ ಸೋದರರೂ ಅಲ್ಲಿಯೇ ಕಲಿತವರು. ಆದರೂ ಹೆಂಗಸೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಮೊದಲು ಒಪ್ಪಲಿಲ್ಲ. ಆಕೆ ಹಿಂಜರಿಯದೆ ವಾದಿಸಿ, ಕೆಲವು ಷರತ್ತುಗಳೊಡನೆ ಪ್ರವೇಶ ಪಡೆದರು. ವರ್ಷ ಕಳೆಯುವುದರೊಳಗೆ ಆಕೆಯ ಕೆಲಸವೇ ಆ ಷರತ್ತುಗಳನ್ನು ಕಿತ್ತುಹಾಕಿತು. ಹಾಲು, ಬೇಳೆಗಳ ಪ್ರೋಟೀನುಗಳನ್ನು ಅಭ್ಯಸಿಸಿ, 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರ್ ಪದವಿ ಪಡೆದ ಆ ಕಮಲಾ ಸೊಹೋನಿಯವರನ್ನು ನೆನೆದಾಗ, ಹಟವೂ ಒಂದು ಸದ್ಗುಣವೆಂದು ಒಪ್ಪಬೇಕಾಗುತ್ತದೆ.

ಕನ್ನಡದವನಾದ ನನಗೂ ಇಲ್ಲಿ ಒಂದು ಬಂಧುತ್ವ ದೊರೆಯಿತು. ಪಂಪಭಾರತವನ್ನು ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರನ್ನು ನಾನು ಎಂ.ಎ. ತರಗತಿಯಿಂದಲೂ ಬಲ್ಲೆ. ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಅಧ್ಯಾಪಕರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದವರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಪ್ರಯೋಗಶಾಲೆಗೂ ಪಡಸಾಲೆಗೂ ನಡುವೆ ಬಾಗಿಲೊಂದಿರಬೇಕೆಂಬ ಅವರ ಆಸೆ ಮಾತ್ರ ಇಂದಿಗೂ ನಮ್ಮ ಪಾಲಿನ ಸಾಲವಾಗಿ ಉಳಿದಿದೆ.

ಇದನ್ನೆಲ್ಲ ನಾನು ಅಣ್ಣನ ಮುಂದಿಟ್ಟೆ. “ಸಂಬಳ ತಡವಾಗಿ ಬರುತ್ತದೆ, ನಿಜ. ಆದರೆ ಪರಿಷತ್ತಿನ ಪರೀಕ್ಷೆಯಲ್ಲಿ ಗೆದ್ದು ಸಂಶೋಧನ ವೇತನ ಪಡೆದಿದ್ದಾಳೆ, ಊಟ, ವಸತಿ ನನ್ನ ಮನೆಯಲ್ಲಿ,” ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಎರಡು ವರ್ಷ ನೋಡೋಣ,” ಎಂದ. ಐದಕ್ಕೆ ಎರಡು ದೊರೆತದ್ದು ನಮ್ಮ ಮನೆತನದಲ್ಲಿ ಸಣ್ಣ ಜಯವಲ್ಲ. ಪಂಪ ರನ್ನರಿದ್ದ ಬೀರುವನ್ನು ಮಹಡಿಯ ಕೋಣೆಯಿಂದ ಹಜಾರಕ್ಕೆ ಸಾಗಿಸಿ, ಅಲ್ಲಿ ಅವಳಿಗೊಂದು ಮೇಜು ಹಾಕಿಸಿದ್ದೇವೆ. ನನ್ನದು ಒಂದೇ ಕರಾರು: ತಿಂಗಳಿಗೊಂದು ಭಾನುವಾರ, ಊಟವಾದ ಮೇಲೆ, ತನ್ನ ಪುಡಿ ಫ್ಲೋರೈಡನ್ನು ಹೇಗೆ ಹಿಡಿಯುತ್ತದೆಂದು ಅವಳು ನಮಗೆಲ್ಲ ಕನ್ನಡದಲ್ಲಿ ಹೇಳಬೇಕು. “ಆಗಲಿ ಚಿಕ್ಕಪ್ಪ, ಆದರೆ ಶಬ್ದಗಳನ್ನು ನೀವು ಹುಡುಕಿ ಕೊಡಬೇಕು,” ಎಂದು ಅವಳು ಕರಾರಿಗೆ ಕರಾರು ಸೇರಿಸಿದ್ದಾಳೆ. ಈಗ ನನ್ನ ಮೇಜಿನ ಮೇಲೂ ಒಂದು ರಸಾಯನಶಾಸ್ತ್ರದ ಪುಸ್ತಕವಿದೆ.