ಅವ್ವನ ಉಳವಿ ಯಾತ್ರೆ

ತನಗೆ ಎಂಬತ್ತು ತುಂಬಿದ ಚಳಿಗಾಲದಲ್ಲಿ ನಮ್ಮ ಅವ್ವ ಒಂದೇ ಮಾತನ್ನು ಹಿಡಿದು ಕುಳಿತಳು. ಉಳವಿಯ ಜಾತ್ರೆಗೆ ಹೋಗಬೇಕು. ಅದೂ ಬಂಡಿಯಲ್ಲಿಯೇ ಹೋಗಬೇಕು. ಮೋಟಾರಿನಲ್ಲಿ ಒಂದೇ ದಿನದಲ್ಲಿ ಮುಟ್ಟಿಸುವೆವೆಂದು ನಾವು ಎಷ್ಟು ಹೇಳಿದರೂ ಆಕೆಗೆ ಅದು ಸೊಗಸಲಿಲ್ಲ. “ಮೋಟಾರದಾಗ ಹೋದರ ಉಳವಿ ಸಿಗತೈತಿ, ಉಳವಿ ದಾರಿ ಸಿಗಂಗಿಲ್ಲ” ಎಂದಳು. ಈ ಮಾತಿಗೆ ಉತ್ತರವು ನನಗೂ ಹೊಳೆಯಲಿಲ್ಲ, ನನ್ನ ತಮ್ಮನಿಗೂ ಹೊಳೆಯಲಿಲ್ಲ.

ಆಕೆಯ ತವರುಮನೆ ಸವದತ್ತಿಯ ಸೀಮೆಯದು. ಒಂಬತ್ತು ಹತ್ತು ವರ್ಷದ ಹುಡುಗಿಯಾಗಿದ್ದಾಗ ತಂದೆಯ ಕೊಲ್ಲಾರಿ ಬಂಡಿಯಲ್ಲಿ ಕುಳಿತು ಉಳವಿಗೆ ಹೋಗಿ ಬಂದಿದ್ದಳು. ಆಗ ಸವದತ್ತಿಯು ಮುಂಬಯಿ ಪ್ರಾಂತಕ್ಕೂ, ನಮ್ಮ ಆಳಂದ ತಾಲೂಕು ಹೈದರಾಬಾದ ಸಂಸ್ಥಾನಕ್ಕೂ ಸೇರಿದ್ದವು. 1956ರಲ್ಲಿ ಎರಡೂ ಒಂದೇ ರಾಜ್ಯದಲ್ಲಿ ಕೂಡಿದವು. ಮರುವರ್ಷವೇ ಆಕೆ ಸೊಸೆಯಾಗಿ ಮಾದನಹಿಪ್ಪರಗಾಕ್ಕೆ ಬಂದಳು. “ರಾಜ್ಯ ಕೂಡಿದ್ದಕ್ಕ ನಾ ಇಷ್ಟು ದೂರ ಬಂದು ಬಿದ್ದೆ” ಎಂದು ಈಗಲೂ ನಗೆಯಾಡುವದುಂಟು.

ಉಳವಿಯಿರುವದು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ದಟ್ಟಡವಿಯಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕೋಲಾಹಲವೆದ್ದಾಗ ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನವರು ಶರಣರನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಐಕ್ಯರಾದರೆಂದು ನಂಬಿಕೆ. ಮಾಘಮಾಸದಲ್ಲಿ, ಭಾರತ ಹುಣ್ಣಿಮೆಯ ಸುಮಾರಿಗೆ ಅಲ್ಲಿ ಜಾತ್ರೆಯಾಗುವದು. ಧಾರವಾಡ ಬೆಳಗಾವಿಗಳ ಕಡೆಯ ಒಕ್ಕಲಿಗರು ಇಂದಿಗೂ ಎತ್ತುಗಳನ್ನು ಸಿಂಗರಿಸಿ, ಚಕ್ಕಡಿ ಹೂಡಿಕೊಂಡು ಹೋಗುವರು. ನಮ್ಮ ಊರಿನಿಂದ ಮಾತ್ರ ಅದು ನಾನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಎತ್ತಿನ ನಡಿಗೆಗೆ ಮೂರು ವಾರ ಬೇಕು. ಅದಿರಲಿ, ನಮ್ಮ ಮನೆಯಲ್ಲಿ ಎತ್ತುಗಳೆಲ್ಲಿವೆ? ಕೊನೆಯ ಜೋಡಿಯನ್ನು ಮಾರಿ ಏಳೆಂಟು ವರ್ಷಗಳಾಗಿದ್ದವು. ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರು ನಿಂತಿತ್ತು.

ಹೀಗೆ ಟ್ರ್ಯಾಕ್ಟರಿನ ಹಿಂದೆ ಮನೆಯೊಂದನ್ನು ಕಟ್ಟುವ ಯೋಚನೆ ಹುಟ್ಟಿತು. ನಾಲ್ಕು ಗಾಲಿಯ ಟ್ರೇಲರಿಗೆ ಬಿದಿರಿನ ಕಮಾನು ಬಗ್ಗಿಸಿ, ಮೇಲೆ ತಾಡಪತ್ರಿ ಹೊದಿಸಿ, ಒಳಗೆ ಮೊಳದೆತ್ತರ ಹುಲ್ಲು ಹಾಸಿ, ಅದರ ಮೇಲೆ ಜಮಖಾನೆ, ಕೌದಿಗಳನ್ನು ಹರವಿದೆವು. ನನ್ನ ತಮ್ಮನ ಹೆಂಡತಿ ಹದಿನೈದು ದಿನ ಮೊದಲೇ ಕಟಕರೊಟ್ಟಿ ಬಡಿದಿಟ್ಟಳು. ಶೇಂಗಾಹಿಂಡಿ, ಅಗಸಿಹಿಂಡಿ, ಕೆಂಪುಖಾರ, ಮಾದಲಿ ಇವೆಲ್ಲ ಡಬ್ಬಿಗಳಲ್ಲಿ ಕುಳಿತವು. ಇಷ್ಟರಲ್ಲಿ ನಿಂತಿದ್ದರೆ ಚೆನ್ನಾಗಿತ್ತು. ದಾಸೋಹಕ್ಕೆಂದು ಎರಡು ಚೀಲ ಜೋಳ, ಒಂದು ಚೀಲ ತೊಗರಿಬೇಳೆ, ಸೌದೆಯ ಹೊರೆ, ನೀರಿನ ದೊಡ್ಡ ಡ್ರಮ್ಮು, ಗ್ಯಾಸಿನ ಒಲೆಯಿದ್ದರೂ ಮೂರು ಕಲ್ಲು—ಒಂದೊಂದಾಗಿ ನನ್ನ ತಮ್ಮ ಏರಿಸುತ್ತಲೇ ಹೋದ. ಬಂಡಿಯಾದರೆ ಎತ್ತಿನ ಮೋರೆ ನೋಡಿ ಹೇರು ಕಡಿಮೆ ಮಾಡುವ ರೂಢಿ ನಮ್ಮದು. ಟ್ರ್ಯಾಕ್ಟರಿಗೆ ನೋಡತಕ್ಕ ಮೋರೆ ಇಲ್ಲವಷ್ಟೆ.

2020ರ ಫೆಬ್ರುವರಿ 3ರಂದು ನಸುಕಿನಲ್ಲಿ ಹೊರಟೆವು. ಹೊಲದಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ಹಕ್ಕಿ ಕಾಯುವ ಕೆಲಸವನ್ನು ನೆರೆಯವರಿಗೆ ಒಪ್ಪಿಸಿ ಬಂದ ನನ್ನ ತಮ್ಮನ ಜೀವ ಸಿಂದಗಿಯವರೆಗೂ ಹೊಲದಲ್ಲಿಯೇ ಇತ್ತು. ಅವನೂ ಅವನ ಮಗನೂ ಸರದಿಯ ಮೇಲೆ ಟ್ರ್ಯಾಕ್ಟರು ನಡೆಸಿದರು. ಒಳಗೆ ಅವ್ವ, ಹೆಂಗಸರು, ಇಬ್ಬರು ಮಕ್ಕಳು, ಪಿಂಚಣಿಯ ಮಾಸ್ತರನಾದ ನಾನು. ಅಫಜಲಪುರ ದಾಟಿ, ಭೀಮೆಯ ಸೇತುವೆ ಕಳೆದು ತೆಂಕಣ ಮೋರೆಯಾಗಿ ಸಾಗಿದೆವು. ತಾಸಿಗೆ ಹದಿನೈದು ಇಪ್ಪತ್ತು ಕಿಲೋಮೀಟರಿನ ನಡಿಗೆ. ಲಾರಿ, ಬಸ್ಸು, ಸ್ಕೂಟರುಗಳೆಲ್ಲ ನಮ್ಮನ್ನು ಹಿಂದೆ ಹಾಕಿ ಹೋಗುವವು. ಹೊಲದ ಬದುವಿನಲ್ಲಿ ಸೀತನಿ ಸುಡುತ್ತಿದ್ದವರು ಕೂಗಿ ಕರೆದು ಕೈತುಂಬ ಕೊಟ್ಟರು. ಇಂಥದು ವೇಗದ ಗಾಡಿಯವರಿಗೆ ದೊರೆಯಲಾರದು.

ರಾತ್ರಿ ಮಾತ್ರ ಚಳಿ ನಮ್ಮನ್ನು ಅರೆಯಿತು. ತಾಡಪತ್ರಿಯ ಒಳಮೈಗೆ ನಮ್ಮ ಉಸಿರೇ ಹನಿಗಟ್ಟಿ ಬೆಳಗಿನ ಜಾವದಲ್ಲಿ ಮೋರೆಯ ಮೇಲೆ ತೊಟ್ಟಿಕ್ಕುವದು. ಎರಡನೆಯ ರಾತ್ರಿ ಅವ್ವ ಕೆಮ್ಮಹತ್ತಿದಾಗ ನಾನು ಮರಳಿ ಹೋಗೋಣವೆಂದೆ. ಆಕೆ ಕೌದಿಯನ್ನು ಎಳೆದುಕೊಂಡು ಮಗ್ಗುಲು ತಿರುಗಿದಳು; ಮಾತಾಡಲಿಲ್ಲ.

ಬಸವನ ಬಾಗೇವಾಡಿಯಲ್ಲಿ ಕೈಮುಗಿದು, ಆಲಮಟ್ಟಿಯ ಹತ್ತಿರ ಕೃಷ್ಣೆಯನ್ನು ದಾಟಿ, ಕೂಡಲಸಂಗಮದಲ್ಲಿ ಮಿಂದೆವು. ಬಾಗಲಕೋಟೆ, ರಾಮದುರ್ಗಗಳ ವಿಷಯದಲ್ಲಿ ಹೇಳತಕ್ಕದ್ದೇನೂ ಇಲ್ಲ, ಧೂಳು ಕುಡಿದೆವು. ಸವದತ್ತಿಯ ಸೀಮೆ ಬಂದೊಡನೆ ಅವ್ವ ಎದ್ದು ಕುಳಿತಳು. ಅಂದು ರಾತ್ರಿ ಆಕೆಯ ಅಣ್ಣನ ಮೊಮ್ಮಕ್ಕಳ ಮನೆಯಲ್ಲಿ ಇಳಿದೆವು. ಆಕೆಯನ್ನು ಹುಡುಗಿಯಾಗಿ ಕಂಡವರು ಅಲ್ಲಿ ಒಬ್ಬರೂ ಉಳಿದಿರಲಿಲ್ಲ. ಆದರೂ ಮನೆಯ ಸೊಸೆಯಂದಿರು ಮರೆಯದೆ ಉಡಿ ತುಂಬಿ ಕಳಿಸಿದರು. ಆ ಉಡಿಯಕ್ಕಿಯ ಗಂಟನ್ನು ಆಕೆ ಉಳವಿಯವರೆಗೆ ಮಡಿಲಿನಿಂದ ಕೆಳಗಿಡಲಿಲ್ಲ.

ಮುಂದೆ ಒಂದು ಊರಿನ ನಾಕೆಯಲ್ಲಿ ಪೋಲೀಸನೊಬ್ಬ ತಡೆದನು. ಒಳಗೆ ಹಣಿಕಿ ನೋಡಿ, “ಇದು ಕಾಳು ಹೇರೂ ಗಾಡಿರಿ ಮಾಸ್ತರ, ಮಂದಿ ಹೇರೂದಲ್ಲ. ಕಾಯ್ದೆ ಇರಲಿ, ಪಲ್ಟಿಯಾದರ ಹೆಂಗ?” ಎಂದನು. ಅವ್ವನ ವಯಸ್ಸು ನೋಡಿ ಬಿಟ್ಟುಕೊಟ್ಟನು. ನಾವು ತಲೆಯಾಡಿಸಿ ಮುಂದೆ ನಡೆದೆವು. ಓದುಗರೇ, ನಲವತ್ತು ವರ್ಷ ಹುಡುಗರಿಗೆ ಬುದ್ಧಿ ಹೇಳಿದವನು ನಾನು. ಅಂದು ಆ ಹುಡುಗನ ಬುದ್ಧಿಮಾತು ನನ್ನ ಕಿವಿಗೆ ಹೋಗಲಿಲ್ಲವೆಂಬುದನ್ನು ಮುಚ್ಚಿಡಲಾರೆ.

ಧಾರವಾಡ ಕಳೆದು ಹಳಿಯಾಳದ ಕಡೆಗೆ ತಿರುಗಿದಂತೆ ಎರೆಭೂಮಿ ಹಿಂದುಳಿದು ಕೆಂಪುನೆಲ ಬಂದಿತು, ಆಮೇಲೆ ಕಾಡು ಬಂದಿತು. ನಮ್ಮ ಮಕ್ಕಳು ಅಷ್ಟು ಮರಗಳನ್ನು ಒಂದೇ ಕಡೆ ಕಂಡವರಲ್ಲ. ದಾಂಡೇಲಿಯನ್ನು ದಾಟಿದ ಮೇಲೆ ದಾರಿಯು ಏರುತ್ತ ಇಳಿಯುತ್ತ ತಿರುಗುತ್ತ ಹೋಗುವದು. ಟ್ರ್ಯಾಕ್ಟರು ನಡೆಸುವ ಸರದಿ ಆಗ ಹುಡುಗನದು. ಬಯಲುಸೀಮೆಯಲ್ಲಿ ಕಲಿತವನು, ಇಳುಕಲೆಂದರೆ ಹಳ್ಳದ ದಂಡೆಯಷ್ಟೇ ಗೊತ್ತು. ಡೀಜಲು ಉಳಿಯಲೆಂದು ಉದ್ದನೆಯ ಒಂದು ಇಳುಕಲಿನಲ್ಲಿ ಗೇರು ತಪ್ಪಿಸಿಬಿಟ್ಟನು.

ಯಾವ ಗೇರಿನಲ್ಲಿ ಏರುವೆವೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಘಟ್ಟದವರ ನಿಯಮ. ಆಗ ಇಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುವದು. ಗೇರು ತಪ್ಪಿಸಿದರೆ ಹಿಡಿಯುವವರು ಯಾರು? ನಮ್ಮ ಟ್ರೇಲರಿಗೆ ತನ್ನದೆಂಬ ಬ್ರೇಕು ಇರಲಿಲ್ಲ. ಇದುವರೆಗೆ ಸಾಧುವಾಗಿ ಹಿಂದೆ ಬಂದ ಆ ಮನೆಯು ಜೋಳ, ಬೇಳೆ, ಸೌದೆ, ನೀರು, ನಮ್ಮೆಲ್ಲರ ಭಾರವನ್ನೂ ಕೂಡಿಕೊಂಡು ಟ್ರ್ಯಾಕ್ಟರನ್ನು ಬೆನ್ನಿಗೆ ಕೈಯಿಟ್ಟು ನೂಕಹತ್ತಿತು. ಹುಡುಗನು ಗಾಬರಿಯಾಗಿ ಬ್ರೇಕು ಒತ್ತಿದನು. ಎಡಗಾಲಿಯ, ಬಲಗಾಲಿಯ ಎರಡು ಪೆಡಲುಗಳನ್ನೂ ಕೂಡಿಸುವ ಕೊಂಡಿಯನ್ನು ನನ್ನ ತಮ್ಮ ಹೊರಡುವಾಗಲೇ ಹಾಕಿದ್ದುದು ನಮ್ಮ ಪುಣ್ಯ. ಇಲ್ಲವಾದರೆ ಒಂದೇ ಗಾಲಿ ಹಿಡಿದು ಅಲ್ಲಿಯೇ ತಿರುವಿ ಬೀಳುತ್ತಿತ್ತು. ಆದರೂ ಟ್ರೇಲರು ಓರೆಯಾಗಿ ತಳ್ಳಿತು. ಡ್ರಮ್ಮು ಉರುಳಿತು, ಮಕ್ಕಳು ಚೀರಿದವು. ಬಲಕ್ಕೆ ಕೊಳ್ಳ, ಎಡಕ್ಕೆ ಮಣ್ಣಿನ ದಿಬ್ಬ. ಹುಡುಗನು ಎಡಕ್ಕೆಳೆದನು. ಟ್ರ್ಯಾಕ್ಟರು ದಿಬ್ಬಕ್ಕೆ ಮೋರೆ ತಾಗಿಸಿ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ನನ್ನ ತಮ್ಮ ಮಗನ ಮೇಲೆ ಕೈಯೆತ್ತಿದ್ದನು. ಅಷ್ಟರಲ್ಲಿ ತಾಡಪತ್ರಿಯೊಳಗಿಂದ ಅವ್ವನ ದನಿ ಕೇಳಿಸಿತು. “ಅವನ್ನ ಯಾಕ ಬಡೀತಿ? ತಪ್ಪು ನಿಮ್ಮದು. ಎಲ್ಲಾರೂ ಇಳೀರಿ. ಇಳುಕಲದಾಗ ಬಂಡ್ಯಾಗ ಯಾರು ಕುಂಡ್ರತಾರ?”

ನನಗೆ ಇಂದಿಗೂ ಸೋಜಿಗವಾಗುವದು ಇದೇ. ಆರು ದಿನ ಆಕೆ ನಮಗೆ ಬಂಡಿಯ ಯಾತ್ರೆಯ ಹಾಡು, ತೇರು, ಎತ್ತಿನ ಗೆಜ್ಜೆ ಇವನ್ನೇ ಹೇಳಿದ್ದಳು. ಆ ಗಳಿಗೆಯಲ್ಲಿ ಮಾತ್ರ ಬೇರೊಂದು ನೆನಪು ತೆಗೆದಳು. ಇಳುಕಲು ಬಂದರೆ ಆಕೆಯ ತಂದೆ ಹೆಂಗಸರು ಮಕ್ಕಳನ್ನೆಲ್ಲ ಇಳಿಸಿಬಿಡುತ್ತಿದ್ದನಂತೆ. ಎತ್ತುಗಳು ನೊಗಕ್ಕೆ ಕೊರಳು ಕೊಟ್ಟು ಹಿಂದಕ್ಕೆ ಜಗ್ಗುವವು. ಗಂಡಸರು ಬಂಡಿಯ ಹಿಂದೆ ಹಗ್ಗ ಹಿಡಿದು ನೇತಾಡುವರು. “ಎತ್ತಿಗೆ ಭಾರ ಗೊತ್ತಾಗತಿತ್ತು. ನಿಮ್ಮ ಗಾಡಿಗೆ ಗೊತ್ತಾಗಂಗಿಲ್ಲ, ನಿಮಗ ಗೊತ್ತಾಗಬೇಕಲ್ಲ” ಎಂದಳು.

ಡ್ರಮ್ಮಿನ ನೀರು ಚೆಲ್ಲಿದೆವು. ಸೌದೆಯನ್ನು ದಿಬ್ಬದ ಬುಡದಲ್ಲಿ ಇಳಿಸಿದೆವು. ಜೋಳದ ಚೀಲಗಳನ್ನು ಹಿಂದೆ ಬಂದ ಲಾರಿಯವರೊಬ್ಬರು ತಮ್ಮ ಗಾಡಿಗೆ ಹಾಕಿಕೊಂಡರು. ಅವರೂ ಜಾತ್ರೆಗೆ ಹೊರಟವರೇ. ನನ್ನ ತಮ್ಮನು ಮಗನನ್ನೇ ಮತ್ತೆ ಟ್ರ್ಯಾಕ್ಟರಿನ ಮೇಲೆ ಕೂಡ್ರಿಸಿ, ತಾನು ಮಗ್ಗುಲಲ್ಲಿ ನಡೆಯುತ್ತ, ಸಣ್ಣ ಗೇರಿನಲ್ಲಿ ಇಳಿಸಿದನು. ನಾವೆಲ್ಲರೂ ಹಿಂದೆ ಕಾಲ್ನಡಿಗೆಯಿಂದ ಹೋದೆವು. ಅವ್ವನೂ ನಡೆದಳು. ಒಂದು ಕೈಯಲ್ಲಿ ಮರಿಮೊಮ್ಮಗಳು, ಇನ್ನೊಂದರಲ್ಲಿ ಉಡಿಯ ಗಂಟು. ನಡುನಡುವೆ ನಿಂತು ಉಸಿರು ಬಿಡುವಳು. ಹಾಗೆ ಏರಿನಲ್ಲಿ ಹತ್ತಿ, ಇಳುಕಲಿನಲ್ಲಿ ಇಳಿದು, ಉಳವಿಯನ್ನು ಮುಟ್ಟುವಾಗ ಬೈಗಾಗಿತ್ತು.

ಮರುದಿನ ಹುಣ್ಣಿಮೆ. ಗುಡಿಯ ಸುತ್ತಲಿನ ಬಯಲಲ್ಲಿ ಚಕ್ಕಡಿಗಳು ಮೂಕಿ ಊರಿ ನಿಂತಿದ್ದವು. ದರ್ಶನ ತೀರಿದ ಮೇಲೆ ಅವ್ವ ಕಾಣಲಿಲ್ಲ. ಹುಡುಕಿದರೆ, ಯಾರದೋ ಬಂಡಿಯ ಬಿಳಿಯೆತ್ತಿನ ಮುಂದೆ ನಿಂತು, ನೊಗ ಕೂತು ಬಲಿತ ಅದರ ಹೆಗಲನ್ನು ತಿಕ್ಕುತ್ತಿದ್ದಳು. ಉಡಿಯಕ್ಕಿಯಲ್ಲಿ ಒಂದು ಹಿಡಿ ಅದರ ಬಾಯಿಗೆ ಹೋಗಿತ್ತು.

ತಿರುಗಿ ಬರುವಾಗ ಅವ್ವ, ಹೆಂಗಸರು, ಮಕ್ಕಳನ್ನು ಬಸ್ಸಿಗೆ ಹತ್ತಿಸಿದೆವು. ಟ್ರೇಲರಿನಲ್ಲಿ ಬರಿಯ ಕೌದಿ ಪಾತ್ರೆಗಳಿದ್ದವು. ಬಸ್ಸು ನಮ್ಮನ್ನು ಹಿಂದೆ ಹಾಕಿ ಹೋಗುವಾಗ ಆಕೆ ಕಿಟಕಿಯಿಂದ ತಲೆ ಹೊರಹಾಕಿ ಮೊಮ್ಮಗನಿಗೆ ಏನೋ ಕೂಗಿದಳು. ನನಗೆ ಕೇಳಿಸಲಿಲ್ಲ. “ಅಜ್ಜಿ ಏನಂದಳೋ?” ಎಂದು ಕೇಳಿದೆ.

“ಗೇರಿನಾಗ ಇಳಿಸು ಅಂದಳ್ರಿ, ದೊಡ್ಡಪ್ಪಾ” ಎಂದನು.